ಎಣ್ಣೆ ಚುಕ್ಕಿ

ಮೆಹರುನ್ನಿಸಾ ದಾಳಿಂಬೆಯ ಎಲೆಯೊಂದನ್ನು ಕಿತ್ತು ಬಿಸಿಲಿಗೆ ಹಿಡಿದಳು. ಹೊಸ ಚಿಗುರಿನ ತಿಳಿಹಸಿರಿನಲ್ಲಿ ಎಣ್ಣೆ ಸಿಡಿದಂಥ ಚುಕ್ಕಿಗಳು ಹೊಳೆಯುತ್ತಿದ್ದವು. ಸೆರಗಿನಿಂದ ಒರೆಸಿದರೂ ಹೋಗಲಿಲ್ಲ. ಪಕ್ಕದ ಗಿಡದಲ್ಲೂ ಇದ್ದವು, ಅದರಾಚೆಯದರಲ್ಲೂ ಇದ್ದವು. ಮೂಡಣ ಬದುವಿನ ಸಾಲುಗಳಲ್ಲೆಲ್ಲ ಅವೇ ಚುಕ್ಕಿಗಳು.

ಮರೋಳದ ಏತ ನೀರಾವರಿಯ ನೀರು ಹರಿದ ಮೇಲೆ ಅಲ್ಲಿನ ಕೆಂಪು ಮಸಾರಿ ನೆಲದಲ್ಲಿ ದಾಳಿಂಬೆ ತೋಟಗಳು ಒಂದಕ್ಕೊಂದು ಬದು ಹಚ್ಚಿಕೊಂಡು ಎದ್ದಿದ್ದವು. ಗಂಡ ತೀರಿಕೊಂಡ ಮೇಲೆ ಮೆಹರುನ್ನಿಸಾ ತನ್ನ ತೋಟವನ್ನು ತಾನೇ ನಡೆಸುತ್ತಿದ್ದಳು. ಆ ಚುಕ್ಕಿ ಅಂಗಮಾರಿ ರೋಗದ್ದೆಂಬುದು ಅವಳಿಗೆ ಗೊತ್ತಿತ್ತು. ಎಲೆಯಿಂದ ಕಡ್ಡಿಗೆ, ಕಡ್ಡಿಯಿಂದ ಕಾಯಿಗೆ ಇಳಿದು, ಕಾಯಿ ಕಪ್ಪಾಗಿ ಬಿರಿದು ಬೀಳುತ್ತದೆ. ಹಿಂದೊಮ್ಮೆ ಸುತ್ತಲ ಊರುಗಳಲ್ಲಿ ತೋಟಕ್ಕೆ ತೋಟವನ್ನೇ ಕಿತ್ತುಹಾಕಿದ್ದನ್ನು ಅವಳು ಕಂಡಿದ್ದಳು.

ಅವಳು ಬಾಗಲಕೋಟೆಯಲ್ಲಿದ್ದ ನೇತ್ರಾಳಿಗೆ ಫೋನು ಹಚ್ಚಿದಳು. ನೇತ್ರಾ ಬೆಳೆಗಳ ರೋಗ ಅಭ್ಯಾಸ ಮಾಡುವ ವಿಜ್ಞಾನಿ, ಮೂರು ವರ್ಷದಿಂದ ಈ ಭಾಗದ ತೋಟಗಳಿಗೆ ಓಡಾಡಿಕೊಂಡಿದ್ದವಳು. ಮರುದಿನ ಬೆಳಿಗ್ಗೆಯೇ ಬಂದಳು. ಎಲೆ ನೋಡಿದಳು, ಕಡ್ಡಿ ಸೀಳಿ ನೋಡಿದಳು. ಆಮೇಲೆ ತಲೆಯೆತ್ತಿ ಪಡುವಣ ದಿಕ್ಕಿನ ಮೋಡ ನೋಡಿದಳು.

ಚುಕ್ಕಿ ಬಿದ್ದ ಗಿಡಗಳನ್ನೆಲ್ಲ ಬುಡಕ್ಕೆ ಕಡಿದು ಅಲ್ಲೇ ಸುಡಬೇಕು, ಮಳೆಗೆ ಮುಂಚೆಯೇ ಆಗಬೇಕು ಎಂದಳು ನೇತ್ರಾ. ಗಾಳಿಯ ಜೊತೆ ಒಂದು ಮಳೆ ಹೊಡೆದರೆ ಸಾಕು, ಹನಿ ಸಿಡಿದು ರೋಗ ಮೂಡಣ ದಿಕ್ಕಿನ ಸಂಗಯ್ಯನವರ ತೋಟಕ್ಕೆ ದಾಟುತ್ತದೆ, ಅಲ್ಲಿಂದ ಮುಂದಕ್ಕೆ. ತೋಟ ತೊಯ್ದ ಮೇಲೆ ಯಾರೂ ಗಿಡ ಮುಟ್ಟುವಂತಿಲ್ಲ, ಕೈಗೆ ಬಟ್ಟೆಗೆ ಅಂಟಿಕೊಂಡು ಹಬ್ಬುತ್ತದೆ. ಅಷ್ಟು ಹೇಳಿ ಅವಳು ಕೇಳಿದಳು:

"ಚಾಟ್ನಿ ಯಾರು ಮಾಡಿದ್ರು?"

ಮೆಹರುನ್ನಿಸಾ ಹೇಳಿದಳು: "ನನ್ನ ತಮ್ಮ."

ಅವಳ ತಮ್ಮ ಅಮೀನಸಾಬನದು ರೆಂಬೆ ಸವರುವ ಚಾಟ್ನಿ ಕೆಲಸದ ತಂಡ. ಹಂಗಾಮು ಬಂದರೆ ತೋಟದಿಂದ ತೋಟಕ್ಕೆ ಹೋಗುವ ಎಂಟು ಮಂದಿ, ಎಂಟು ಕತ್ತರಿ. ರೋಗದ ಗಿಡ ಕತ್ತರಿಸಿದ ಕತ್ತರಿ ಮುಂದಿನ ಗಿಡಕ್ಕೂ ರೋಗ ಒಯ್ಯುತ್ತದೆ. ಅವನು ಎಲ್ಲೆಲ್ಲಿ ಹೋಗಿದ್ದನೆಂದು ತಿಳಿಯದಿದ್ದರೆ ಬೆಂಕಿ ಎಲ್ಲಿ ಹತ್ತಿದೆಯೆಂದೇ ತಿಳಿಯುವುದಿಲ್ಲ ಎಂದಳು ನೇತ್ರಾ.

ಸುದ್ದಿ ಈ ಬದು ದಾಟದಂತೆ ನೋಡಿಕೊಳ್ಳಬಹುದಿತ್ತು. ಆ ವಿಚಾರ ಮೆಹರುನ್ನಿಸಾಳ ತಲೆಯಲ್ಲೂ ಸುಳಿಯಿತು. ರೋಗದ ಹೆಸರು ಬಿದ್ದ ತೋಟಕ್ಕೆ ಇಳಕಲ್ಲಿನ ವ್ಯಾಪಾರಿಗಳು ಕಾಲಿಡುವುದಿಲ್ಲ, ತಮ್ಮನ ತಂಡವನ್ನು ಯಾರೂ ಕರೆಯುವುದಿಲ್ಲ. ಬದುವಿನಾಚೆ ಸಂಗಯ್ಯ ನೀರಿನ ಪೈಪು ತಿರುವುತ್ತಿದ್ದುದು ಕಾಣುತ್ತಿತ್ತು. ಅವಳು ತಮ್ಮನನ್ನು ಕರೆಸಿದಳು.

ಅಮೀನಸಾಬ ಬಂದು ಮಾತು ಕೇಳುತ್ತಿದ್ದಂತೆ ಅವನ ಮುಖ ಬಿಗಿಯಿತು. ಎಲ್ಲಿಗೂ ಹೋಗಿಲ್ಲ ಎಂದ. ಗಾಳಿಗೆ ಬಂದಿದ್ದೀತು, ಸಸಿಯಲ್ಲೇ ಇದ್ದೀತು ಎಂದ. ನೇತ್ರಾ ಎರಡನೇ ಸಲ ಕೇಳಿದಾಗ ಅಕ್ಕನ ಕಡೆ ತಿರುಗಿದ.

"ಆಪಾ, ಕೊರೊನಾದಾಗ ನಮ್ಮ ಮನಿ ಮುಂದ ಬಿದರ ಗಳ ಕಟ್ಟಿ ಹೋಗಿದ್ರು. ಬ್ಯಾನಿ ಹೋತು, ಹೆಸರು ಹೋಗಲಿಲ್ಲ. ನನ್ನ ಮಗಳ ಕೈಯಾಗಿಂದು ನೀರು ಸೈತ ಯಾರೂ ಕುಡೀಲಿಲ್ಲ. ಈಗ ಮತ್ತ ನಾನ ತಂದೇನಿ ಅಂತ ನಾನ ಹೇಳ್ಕೊಂಡು ತಿರಗಲೇನು?"

ಆ ದಿನಗಳಲ್ಲಿ ಮೆಹರುನ್ನಿಸಾ ಕೂಡ ಗಳದಾಚೆ ನಿಂತೇ ಬುತ್ತಿ ಕೊಟ್ಟು ಬಂದಿದ್ದಳು.

ನೇತ್ರಾ ಅವನ ಎದುರು ನೆಲದ ಮೇಲೆ ಕುಳಿತಳು. "ನಿಮ್ಮನ್ನ ಹಿಡಿಯಾಕ ಬಂದಿಲ್ಲರಿ ನಾ. ರೋಗಕ್ಕ ಕಾಲಿಲ್ಲ, ಯಾರದರ ಕಾಲು ಬೇಕು. ನಿಮ್ಮದಾತು, ಅಷ್ಟ. ನೀವು ಬಾಯಿ ಬಿಟ್ರ ಉಳದ ತ್ವಾಟ ಉಳೀತಾವ."

ಅವನು ನೆಲ ಕೆದರುತ್ತ ಕುಳಿತ. ಕಡೆಗೆ, ಕುಳಗೇರಿ ಕ್ರಾಸಿನ ಹತ್ತಿರದ ಒಂದು ತೋಟದಿಂದ ನೇರ ಇಲ್ಲಿಗೆ ಬಂದದ್ದಾಗಿ ಹೇಳಿದ. ಆ ಮಾಲೀಕ ಕೆಲವು ಸಾಲಿನ ಎಲೆಗಳನ್ನು ಮೊದಲೇ ಉದುರಿಸಿಟ್ಟಿದ್ದ. ಅದು ಚುಕ್ಕಿ ಮುಚ್ಚಿಡಲೆಂದು ಆಗ ಹೊಳೆದಿರಲಿಲ್ಲ. ಅಕ್ಕನ ತೋಟವಾದ ಮೇಲೆ ಸಂಗಯ್ಯನವರದು, ಅದಾದ ಮೇಲೆ ಇನ್ನೂ ಎರಡು.

"ನಡಿ," ಎಂದಳು ಮೆಹರುನ್ನಿಸಾ. "ಮೊದಲು ನನ್ನ ತ್ವಾಟದಾಗ ಬಂದೈತಿ ಅಂತ ನಾ ಹೇಳ್ತೇನಿ. ನೀ ಬಾಜೂಕ ನಿಲ್ಲು."

ಸಂಗಯ್ಯ ಅವರ ಮಾತು ಪೂರ್ತಿ ಕೇಳಲಿಲ್ಲ. ಪೈಪು ಅಲ್ಲೇ ಬಿಟ್ಟು ಸಾಲಿನೊಳಗೆ ಓಡಿದರು. ಅರವತ್ತು ದಾಟಿದ ಮನುಷ್ಯ ಗಿಡದಿಂದ ಗಿಡಕ್ಕೆ ಬಾಗುತ್ತ, ಎಲೆ ಹೊರಳಿಸುತ್ತ ಹೋದರು. ಬದುವಿನಂಚಿಗೆ ಏಳು ಗಿಡಗಳಲ್ಲಿ ಚುಕ್ಕಿ ಸಿಕ್ಕವು. ವಾಪಸು ಬರುವಾಗ ಕೈಯಲ್ಲಿ ಕೊಡಲಿ ಇತ್ತು. ಅಮೀನಸಾಬ ನಿಂತಲ್ಲಿಂದ ಕದಲಲಿಲ್ಲ. ಮೆಹರುನ್ನಿಸಾ ತನಗರಿವಿಲ್ಲದೆ ತಮ್ಮನ ಮುಂದೆ ಸರಿದಳು.

"ನಿನಗ ಗೊತ್ತಿತ್ತೇನಲೇ?" ಎಂದು ಸಂಗಯ್ಯ ಅವಳ ಹೆಗಲ ಮೇಲಿಂದ ಕೇಳಿದರು.

"ಇಲ್ಲರಿ ಕಾಕಾ. ಗೊತ್ತಿದ್ರ ನಮ್ಮಕ್ಕನ ತ್ವಾಟಕ್ಕ ಕತ್ತರಿ ಹಚ್ಚತಿದ್ನೇನು?"

ಸಂಗಯ್ಯ ಅವನನ್ನೇ ನೋಡುತ್ತ ನಿಂತರು. ಆ ಹೊತ್ತಿಗೆ ಪಡುವಣದಲ್ಲಿ ಗುಡುಗು ಉರುಳಿತು. ಕೊಡಲಿಯನ್ನು ಅಮೀನಸಾಬನ ಕೈಗೆ ಕೊಟ್ಟು, "ಹಿಡಿ, ನಾ ಇನ್ನೊಂದು ತರ್ತೇನಿ," ಎಂದು ಮನೆಯ ಕಡೆ ತಿರುಗಿದರು.

ಸಂಗಯ್ಯನವರ ಗಿಡ ಮೊದಲು ಬಿದ್ದವು, ನಂತರ ಮೆಹರುನ್ನಿಸಾಳವು. ಪ್ರತಿ ಗಿಡಕ್ಕೂ ನೇತ್ರಾ ಕೊಡಲಿಯನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಿಸಿದಳು. ಗಾಳಿ ಎದ್ದು ದೂಳು ಕಣ್ಣಿಗೆ ನುಗ್ಗಿತು. ಹಸಿ ರೆಂಬೆಗೆ ಬೆಂಕಿ ಹತ್ತದೆ ಬರೀ ಹೊಗೆ ಸುತ್ತಿತು. ಸಂಗಯ್ಯನವರ ಹೆಂಡತಿ ಸಂಗವ್ವ ಒಣ ತೊಗರಿಕಟ್ಟಿಗೆಯ ಹೊರೆ ತಂದು ಹಾಕಿದಾಗ ಉರಿ ಎದ್ದಿತು. ತಾನು ನೆಟ್ಟು, ಮಡಿ ಕಟ್ಟಿ, ಬೇಸಿಗೆಯಲ್ಲಿ ಕೊಡದಿಂದ ನೀರು ಹೊತ್ತು ಉಳಿಸಿಕೊಂಡಿದ್ದ ಗಿಡಗಳು ಸಿಡಿಯುವ ಸದ್ದು ಕೇಳುತ್ತ ಮೆಹರುನ್ನಿಸಾ ಇನ್ನಷ್ಟು ರೆಂಬೆ ಎಳೆದು ತಂದಳು. ಕೊನೆಯ ಸಾಲಿನಲ್ಲಿ ಇನ್ನೂ ಎರಡು ಗಿಡ ನಿಂತಿದ್ದಾಗ ದಪ್ಪ ಹನಿಗಳು ಬಿದ್ದವು. ಅಮೀನಸಾಬ ಕೊಡಲಿ ಎತ್ತಿದ. ನೇತ್ರಾ ಅವನ ತೋಳು ಹಿಡಿದಳು.

"ಬ್ಯಾಡ್ರಿ, ಈಗ ಮುಟ್ಟಬ್ಯಾಡ್ರಿ."

ಅವರು ಆ ಎರಡು ಗಿಡಗಳನ್ನು ಹಾಗೇ ಬಿಟ್ಟು ಹೊರಗೆ ಬಂದು ಮಳೆಯಲ್ಲಿ ನಿಂತರು.

ಆ ಎರಡರಿಂದ ರೋಗ ಮತ್ತೆ ಹರಡಿತು. ಮೆಹರುನ್ನಿಸಾ ಅರ್ಧ ತೋಟ ಕಳೆದುಕೊಂಡಳು. ಸಂಗಯ್ಯನವರದು ಹೆಚ್ಚುಕಡಿಮೆ ಪೂರಾ ಉಳಿಯಿತು. ಅಮೀನಸಾಬ ಹೇಳಿದ ಇನ್ನೆರಡು ತೋಟಗಳಲ್ಲಿ ಒಂದರವರು ಮರುದಿನವೇ ಹುಡುಕಿ ಕಡಿದರು, ಇನ್ನೊಂದರವರು ಅವನನ್ನು ಬೈದು ಕಳಿಸಿದರು. ದೀಪಾವಳಿಯ ಹೊತ್ತಿಗೆ ಅಲ್ಲಿ ಕಾಯಿಗಳೆಲ್ಲ ಕಪ್ಪಾಗಿ ಬಿರಿದಿದ್ದವು. ಹಲವರು ಅಮೀನಸಾಬನನ್ನು ಕೆಲಸಕ್ಕೆ ಕರೆಯುವುದನ್ನು ಬಿಟ್ಟರು. ಮುಂದಿನ ಚಾಟ್ನಿಗೆ ಸಂಗಯ್ಯ ತಾವೇ ಅವನ ಮನೆಗೆ ಹೋಗಿ, ಅವನ ಮಗಳು ತಂದುಕೊಟ್ಟ ಚಹಾ ಕುಡಿದು, ಯಾವಾಗ ಬರ್ತೀಯೆಂದು ಕೇಳಿದರು.

ಮೆಹರುನ್ನಿಸಾ ಖಾಲಿಯಾದ ನೆಲದಲ್ಲಿ ಜೋಳ ಬಿತ್ತಿದಳು. ಅಲ್ಲಿ ಮತ್ತೆ ದಾಳಿಂಬೆ ಹಚ್ಚಲು ಇನ್ನೂ ಸ್ವಲ್ಪ ಕಾಲ ತಡೆಯಬೇಕೆಂದು ನೇತ್ರಾ ಹೇಳಿದ್ದಳು. ತಡೆಯುತ್ತೇನೆ ಎಂದಿದ್ದಳು ಅವಳು.