ಕಿಟಕಿಯ ಸಂದಿ

ಜೋಡಿ ಗಾಜಿನ ಕಿಟಕಿ ಹಾಕಿಸಿದರೆ ಹೀಟರ್ ಉರಿಸುವುದು ಅರ್ಧಕ್ಕೆ ಇಳಿಯುತ್ತದೆ ಎಂಬ ಮಗಳ ವರಾತ ತಾಳಲಾರದೆ ಅಮ್ಮ ಒಪ್ಪಿದ್ದಳು. ಬಡಗಿ ಹಳೆಯ ಚೌಕಟ್ಟು ಕಿತ್ತಾಗ ಗೋಡೆಯ ಸಂದಿಯಿಂದ ಬಟ್ಟೆಯ ಚೂರುಗಳು ಉದುರಿದವು. ತೀರಿಹೋದ ಗಂಡ ಪ್ರತಿ ಚಳಿಗಾಲ ತನ್ನ ಹಳೇ ಅಂಗಿ ಹರಿದು ಅಲ್ಲಿ ತುರುಕುತ್ತಿದ್ದ.

"ಚಿಂದಿ ತುರುಕಿ ಮನೆ ಮಾನ ಕಳೀತೀರಲ್ಲ!" ಎಂದು ಅವಳು ಹರಿಹಾಯುತ್ತಿದ್ದಳು.

"ಚಳಿ ಆಗೋದು ನಿಂಗೆ ಕಣೇ, ಮಾನಕ್ಕಲ್ಲ," ಎಂದು ಅವನು ನಗುತ್ತಿದ್ದ.

"ಇವನ್ನ ಕಸಕ್ಕೆ ಹಾಕ್ಲಾ ಅಮ್ಮಾ?" ಎಂದ ಬಡಗಿ.

"ಮುಟ್ಟಿದ್ರೆ ನೋಡು!" ಎಂದು ಗದರಿದಳು.

ಚೂರುಗಳನ್ನೆಲ್ಲ ಒಗೆದು, ಒಣಗಿಸಿ, ಮಡಚಿ, ಸಂಜೆ ಹೊಸ ಕಿಟಕಿಯ ಬಳಿ ತಂದಳು. ಮನೆ ಬೆಚ್ಚಗಿತ್ತು. ಅವನ್ನು ಸಿಗಿಸಲು ಎಲ್ಲೂ ಒಂದು ಕೂದಲೆಳೆಯಷ್ಟೂ ಸಂದಿ ಇರಲಿಲ್ಲ.