ಬಿಸಾಡಿದ್ದರಲ್ಲಿ ಒಂದು ಹಿಡಿ

ಕಣಗಳನ್ನು ಡಿಕ್ಕಿ ಹೊಡೆಸುವ ಪ್ರಯೋಗಾಲಯದಿಂದ ರಜೆಗೆ ಬೇಲೆಕೇರಿಗೆ ಬಂದಿದ್ದ ಮಾನಸಾ, ಬಂಗಡೆ ಮೀನು ಕೊಯ್ಯುತ್ತಿದ್ದ ಚಿಕ್ಕಮ್ಮ ಹೀರಾ ಮೌಶಿಗೆ ತನ್ನ ಕೆಲಸ ವಿವರಿಸುತ್ತಿದ್ದಳು.

“ಸೆಕೆಂಡಿಗೆ ಕೋಟಿಗಟ್ಟಲೆ ಡಿಕ್ಕಿ ಆಗ್ತದೆ ಮೌಶಿ. ಎಲ್ಲಾ ಇಟ್ಕೊಳ್ಳೂಕೆ ಜಾಗ ಇಲ್ಲ. ಮುಂದಿನ ವಾರದಿಂದ ನನ್ನ ಪ್ರೋಗ್ರಾಮೇ ಆಗಿಂದಾಗ ಸಾವಿರ ಆರಿಸಿ, ಉಳಿದದ್ದು ಬಿಸಾಡ್ತದೆ.”

“ಬಿಸಾಡಿದ್ದು ಯಾರ್ ನೋಡ್ತಾರೆ?”

“ಯಾರೂ ಇಲ್ಲ.”

“ಅಯ್ಯೋ ಮಾರಾಯ್ತಿ, ಒಂದ್ ಹಿಡಿಯಾದ್ರೂ ತೆಗ್ದು ನೋಡೇ!”

ಮಾನಸಾ ನಕ್ಕಳು. ಆದರೂ ಮನಸ್ಸು ತಡೆಯದೆ, ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು, ಮೊದಲೇ ಉಳಿಸಿಟ್ಟಿದ್ದ ಹಳೆಯ ಡಿಕ್ಕಿಗಳ ದಾಖಲೆಯ ಮೇಲೆ ಪ್ರೋಗ್ರಾಂ ಓಡಿಸಿ, ಅದು ಬಿಸಾಡಿದ್ದನ್ನು ನೋಡಿದಳು. ಬೇಕಾದದ್ದೆಲ್ಲ ಅಲ್ಲೇ ಬಿದ್ದಿತ್ತು! ‘ಹೆಚ್ಚು’ ಎನ್ನುವ ಚಿಹ್ನೆಯ ಜಾಗದಲ್ಲಿ ಅವಳು ‘ಕಡಿಮೆ’ ಚಿಹ್ನೆ ಹಾಕಿದ್ದಳು. ತಲೆ ಚಚ್ಚಿಕೊಂಡು ತಿದ್ದಿದಳು.

ಈ ತಿದ್ದುಪಡಿಯ ಬಗ್ಗೆ ಪ್ರಯೋಗಾಲಯಕ್ಕೆ ಬರೆದ ವರದಿಯ ಕೊನೆಯಲ್ಲಿ ‘ಕೃತಜ್ಞತೆ: ಹೀರಾ ಹರಿಕಂತ್ರ, ಬೇಲೆಕೇರಿ’ ಎಂದು ಬರೆದು ಮೌಶಿಗೆ ತೋರಿಸಿದಳು.

ಮೌಶಿ ಕನ್ನಡಕ ಏರಿಸಿ ನೋಡಿದಳು. “ಫೋಟೋ ಹಾಕ್ಲಿಲ್ವನೇ?”