ಕೊನೆಯ ದೃಶ್ಯದ ಮುಖ

ಹಾಡಿನ ವಿಡಿಯೊಗಳಿಗೆ ಬಣ್ಣ ಹದ ಮಾಡುವುದು ಅವನ ಕಸುಬು. ಚಿತ್ರೀಕರಣ ಮುಗಿದು, ಕತ್ತರಿಸಿ ಜೋಡಿಸಿದ ದೃಶ್ಯಗಳೆಲ್ಲ ಕೊನೆಗೆ ಅವನ ಕೋಣೆಗೆ ಬರುತ್ತವೆ. ಆಕಾಶ ಮಂಕಾಗಿದ್ದರೆ ನೀಲಿ ತುಂಬುತ್ತಾನೆ, ಹುಲ್ಲು ಒಣಗಿದ್ದರೆ ಹಸಿರು ಮಾಡುತ್ತಾನೆ. ಹಾಡುಹಗಲಲ್ಲೂ ಪರದೆ ಎಳೆದುಕೊಂಡು ಕತ್ತಲಲ್ಲಿ ಕೂರುತ್ತಿದ್ದುದರಿಂದ ಸ್ಟುಡಿಯೊದವರು ಅವನನ್ನು ಗೂಬೆಯಣ್ಣ ಎನ್ನುತ್ತಿದ್ದರು. ಅವನಿಗೆ ಬೇಸರವಿರಲಿಲ್ಲ. ಚಿಕ್ಕಂದಿನಲ್ಲಿ ಸೋದರತ್ತೆ ಇಟ್ಟಿದ್ದ ಹೆಸರು ಇದ್ದಿಲು. ಅದಕ್ಕಿಂತ ಗೂಬೆಯೇ ಮೇಲು.

ಆ ಸಲ ಬಂದದ್ದು ಅನ್ಯಾಯದ ವಿರುದ್ಧದ ಹಾಡು. ಕಪ್ಪು ಮೈಬಣ್ಣದ ಹುಡುಗಿಯೊಬ್ಬಳನ್ನು ಪ್ರಾರ್ಥನೆಯ ನಡುವೆಯೇ ಸಿಪಾಯಿಗಳು ಎಳೆದೊಯ್ಯುತ್ತಾರೆ. ಕೊನೆಗೆ ಬಾಗಿಲು ತೆರೆದು ಅವಳು ಬಿಸಿಲಿಗೆ ಬಂದು ಕುಣಿಯುತ್ತಾಳೆ. ಆ ಹುಡುಗಿಯ ಪಾತ್ರದಲ್ಲಿದ್ದ ನರ್ತಕಿ ಮೈಮರೆತು ಕುಣಿದಿದ್ದಳು. ಅವಳ ಕೊರಳಲ್ಲಿದ್ದದ್ದು ಸ್ವಂತ ತಾಯಿಯ ಪ್ರಾರ್ಥನೆಯ ಮಣಿಸರ.

ನಿರ್ದೇಶಕ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತ. "ಗೂಬೆ, ಕೊನೇಲಿ ಇವಳ ಮುಖ ಒಂಚೂರು ಎತ್ತು. ಬಿಡುಗಡೆ ಆಗಿದೆ ಅಲ್ವಾ, ಬೆಳಕು ಬರ್ಲಿ."

ಅವನು ಮುಖದ ಬೆಳಕು ಏರಿಸಿ ಬಣ್ಣ ತಿಳಿ ಮಾಡಿದ.

"ಇನ್ನೂ."

"ಇನ್ನೂ ಎತ್ತಿದ್ರೆ ಅವಳ ಬಣ್ಣವೇ ಹೋಗುತ್ತೆ ಸಾರ್."

"ಹೋಗ್ಲಿ ಬಿಡು, ನೋಡೋರಿಗೆ ಖುಷಿ ಆಗ್ಬೇಕು. ಹಾಂ, ಆ ಸರಾನೂ ಅಳಿಸಿಬಿಡು. ಯಾವ ಮತ, ಏನು ಅಂತ ಜಗಳ ಯಾಕೆ? ಇದು ಎಲ್ಲರ ಹಾಡು."

ಆಗುವುದಿಲ್ಲ ಎಂದಿದ್ದರೆ ಯಾರೂ ಅವನ ತಲೆ ತೆಗೆಯುತ್ತಿರಲಿಲ್ಲ. ಅವನು ಅನ್ನಲಿಲ್ಲ. ಎರಡು ದಿನ ಕೂತು ಒಂದೊಂದೇ ಮಣಿ ಅಳಿಸಿದ. ಶಾಲೆಯ ಫೋಟೊ ತೆಗೆಸುವ ದಿನ ಅಮ್ಮ ತನ್ನ ಮುಖಕ್ಕೆ ಪೌಡರು ಮೆತ್ತಿ ಕಳಿಸಿದ್ದು ನಡುವೆ ನೆನಪಾಯಿತು. ನೆನಪಾದರೂ ಕೈ ನಿಲ್ಲಲಿಲ್ಲ. ಮುಗಿದಾಗ ಎಲ್ಲೂ ಗುರುತೇ ಉಳಿದಿರಲಿಲ್ಲ. ತನ್ನ ಕೈಚಳಕವನ್ನು ತಾನೇ ಮೆಚ್ಚಿಕೊಂಡ.

ಕೆಲಸ ಮಾಡಿದವರಿಗೆಲ್ಲ ಒಂದು ಮಧ್ಯಾಹ್ನ ಸ್ಟುಡಿಯೊದಲ್ಲಿ ವಿಡಿಯೊ ತೋರಿಸಿದರು. ನರ್ತಕಿ ತಾಯಿಯನ್ನೂ ಕರೆತಂದಿದ್ದಳು. ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ತಾಯಿಯೊಬ್ಬಳನ್ನು ಬಿಟ್ಟು. ಬಾಗಿಲ ಬಳಿ ಇವನು ಎದುರಾದ.

"ಏನಪ್ಪಾ, ಮೊದಲು ಇದ್ದವಳು ನನ್ನ ಮಗಳು. ಕೊನೇಲಿ ಕುಣಿದವಳು ಯಾರು?"

"ಅವಳೇ ಅಮ್ಮಾ. ಅದು... ಬಿಸಿಲು. ಬಿಸಿಲಲ್ಲಿ ಹಾಗೇ ಕಾಣುತ್ತೆ."

"ಬಿಸಿಲು ಕೊರಳಿನ ಸರಾನೂ ಕದೀತದಾ?"

"ಬಾಮ್ಮ, ಸಾಕು" ಎಂದು ಮಗಳು ಕೈ ಹಿಡಿದು ಕರೆದೊಯ್ದಳು. ಇವನ ಮುಖ ನೋಡಲಿಲ್ಲ.

ಮನೆಯಲ್ಲಿ ಎರಡು ದಿನ ತಟ್ಟೆಯ ಅನ್ನ ಹಾಗೇ ಬಿಟ್ಟು ಎದ್ದ. ಮೂರನೆಯ ದಿನ ಹೆಂಡತಿಯ ಮುಂದೆ ಬಾಯಿಬಿಟ್ಟ. "ವಯಸ್ಸಾದವರ ಮುಖ ನೋಡಿಕೊಂಡೇ ಸುಳ್ಳು ಹೇಳ್ದೆ ಕಣೇ."

"ಹಾಗಾದ್ರೆ ಅಲ್ಲಿಗೇ ಹೋಗಿ ನಿಜ ಹೇಳಿ. ಇಲ್ಲಿ ತಟ್ಟೆ ಮುಂದೆ ಗೊಣಗಿದ್ರೆ ಏನು ಬಂತು?" ಎಂದಳು ಅವಳು.

ಹೋದ. ನರ್ತಕಿಯ ಮನೆಯಲ್ಲಿ ತಾಯಿ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು, ಮಗಳು ಪಕ್ಕದಲ್ಲಿದ್ದಳು. ನಿಂತುಕೊಂಡೇ ಎಲ್ಲ ಹೇಳಿ, ಬಣ್ಣ ಮುಟ್ಟದ ಹಳೆಯ ದೃಶ್ಯವನ್ನು ಫೋನಿನಲ್ಲಿ ತೋರಿಸಿದ. ಅವಳು ನೋಡಿ ಫೋನು ಹಿಂದಿರುಗಿಸಿದಳು. "ನಮ್ಮ ಮುಖ ನಮಗೆ ಗೊತ್ತಪ್ಪಾ. ಇದನ್ನ ನಮಗ್ಯಾಕೆ ತೋರಿಸ್ತೀಯ?"

ನರ್ತಕಿ ಮೆಲ್ಲಗೆ ಹೇಳಿದಳು. "ಡೈರೆಕ್ಟರ್ ಹೇಳಿರ್ತಾರೆ ಅಂತ ಗೊತ್ತಿತ್ತು ಅಣ್ಣ. ಅವರ ಮೇಲೆ ನನಗೆ ನಂಬಿಕೆಯೇ ಇರ್ಲಿಲ್ಲ. ಬಣ್ಣದ ಕೋಣೇಲಿ ನಿಮ್ಮನ್ನ ನೋಡಿದ್ದೆ. ನನ್ನ ಥರದೋರೇ ಇದ್ದಾರಲ್ಲ ಅಂತ ನಿಶ್ಚಿಂತೆಯಾಗಿದ್ದೆ."

ನೆಲ ಬಾಯಿಬಿಟ್ಟಿದ್ದರೆ ಅವನು ಅಲ್ಲೇ ಇಳಿದುಬಿಡುತ್ತಿದ್ದ.

"ನಾನೀಗ ಏನು ಮಾಡ್ಲಿ ತಂಗಿ?"

"ಎಲ್ಲರಿಗೂ ಹೇಳಿ. ನನ್ನ ದೂರು ಅಂತ ಅಲ್ಲ, ನೀವು ಮಾಡಿದ ಕೆಲಸ ಅಂತ."

ಅಷ್ಟರಲ್ಲಿ ವಿಡಿಯೊ ಜಾಲತಾಣದಲ್ಲಿ ಬಿಡುಗಡೆಯಾಗಿತ್ತು. ಮೊದಲು ನಿರ್ದೇಶಕನನ್ನು ಕೇಳಿದ, ಕೊನೆಯ ದೃಶ್ಯ ಬದಲಿಸೋಣ ಎಂದು. "ಹಾಡು ಎಲ್ಲರ ಬಾಯಲ್ಲಿದೆ, ತಲೆ ಕೆಟ್ಟಿದ್ಯಾ?" ಎಂದು ಆತ ನಕ್ಕ. ಆ ಸಂಜೆಯೇ ಇವನು ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, ತನ್ನ ಹೆಸರಿನಲ್ಲೇ ಬರೆದು ಜಾಲತಾಣಕ್ಕೆ ಹಾಕಿದ: "ಎಡಗಡೆಯದು ಅವಳ ಮುಖ. ಬಲಗಡೆಯದು ನಾನು ಮಾಡಿದ್ದು. ಹೇಳಿದವರು ಬೇರೆ, ಕೈ ನನ್ನದು. ಕೇಳಿದ ಅವಳ ತಾಯಿಗೆ ಸುಳ್ಳನ್ನೂ ಹೇಳಿದೆ."

ಬೆಳಗಾಗುತ್ತಲೇ ನಿರ್ದೇಶಕನ ಫೋನು. "ಉಂಡ ಮನೆಗೆ ಎರಡು ಬಗೆದೆಯಲ್ಲೋ! ಇನ್ಮೇಲೆ ಈ ಕಡೆ ತಲೆ ಹಾಕಬೇಡ."

ಅದು ಅವನು ಎಣಿಸಿದ್ದೇ. ಎಣಿಸದೆ ಬಂದದ್ದು ಹೊಗಳಿಕೆ. ಎಂಥ ಧೈರ್ಯ, ಎಂಥ ಗುಂಡಿಗೆ ಎಂದು ಗುರುತು ಪರಿಚಯವಿಲ್ಲದವರೆಲ್ಲ ಬರೆದರು. ಒಂದೊಂದು ಮಾತೂ ಕಪಾಳಕ್ಕೆ ಬಿಗಿದಂತಾಯಿತು. "ದಯವಿಟ್ಟು ಹೊಗಳಬೇಡಿ, ತಪ್ಪು ಮಾಡಿದವನು ನಾನು" ಎಂದು ಬರೆದ. ಆಗ ಅವನ ವಿನಯವನ್ನು ಹೊಗಳತೊಡಗಿದರು.

ನರ್ತಕಿಯಿಂದ ಬಂದದ್ದು ಎರಡೇ ಪದ: "ಅಮ್ಮ ನೋಡಿದರು."

ಆ ಎರಡು ಪದಗಳಲ್ಲಿ ಎಲ್ಲಾದರೂ ಕ್ಷಮೆ ಇದೆಯೇ ಎಂದು ಅವನು ತುಂಬ ಹೊತ್ತು ಹುಡುಕಿದ. ಇರಲಿಲ್ಲ. ಕೇಳುವ ಮುಖವೂ ತನಗಿಲ್ಲವೆನ್ನಿಸಿ, ಅಂಗಿ ತೊಟ್ಟು, ಬೇರೆ ಕೆಲಸ ಹುಡುಕಲು ಹೊರಟ.